ಮೀನಖಂಡದ ಮೇಲೆ

ದನದ ಸಂತೆಯ ಅಂಗಳದಲ್ಲಿ ಸೈಕಲ್ಲು ನಿಲ್ಲಿಸಿದ್ದೇವೆ,
ಹೋರಿ ಕಟ್ಟುವ ಸರಳಿಗೇ ಒರಗಿಸಿ.
ನಿನ್ನೆಯ ಸಗಣಿ ತೊಳೆದ ನೆಲ ಇನ್ನೂ ಆರಿಲ್ಲ.
ಕೌಂಟಿ ಕ್ಲೇರ್, ಬೆಳಗಿನ ಏಳು. ಜೂನ್ ಎಂಬುದು
ಕ್ಯಾಲೆಂಡರಿನ ಮಾತು; ಗಾಳಿ ಇನ್ನೂ ಒಪ್ಪಿಲ್ಲ.

ಶಾಲೆಯ ಹುಡುಗಿಯೊಬ್ಬಳು ಕಪ್ಪು ಮಾರ್ಕರು ಹಿಡಿದು
ತೋಳಿನ ಮೇಲೆ ಬರೆದಳು: ಎಂಬತ್ತೇಳು.
"ಕಾಲಿನ ಹಿಂದೆ ವಯಸ್ಸೂ ಬರೀಬೇಕಂತೆ."
ಬರಿ ಅಂದೆ. ಐವತ್ತಮೂರು.
ಮೀನಖಂಡದ ಮೇಲೆ, ನನಗೆ ಕಾಣದ,
ಹಿಂದೆ ಬರುವವರಿಗಷ್ಟೇ ಕಾಣುವ ಜಾಗದಲ್ಲಿ.
ನನ್ನ ಹಿಂದೆ ಯಾರೂ ಇರುವುದಿಲ್ಲ ಎಂದು
ಅವಳಿಗೆ ಹೇಳಲಿಲ್ಲ.

ಐದು ವರ್ಷ ಒಬ್ಬನಿದ್ದ. ಮಾಸಿ ಟೂಹಿ,
ಹಾಲಿನ ಡೇರಿಯಿಂದ ನಿವೃತ್ತ, ಅರವತ್ತೊಂಬತ್ತು.
ಕೊನೆಯ ಸ್ಥಾನ ನಮ್ಮಿಬ್ಬರ ಜಂಟಿ ಆಸ್ತಿ:
ಒಂದು ವರ್ಷ ಅವನು ಉಳುವುದು, ಒಂದು ವರ್ಷ ನಾನು.
ನನ್ನನ್ನು ದಾಟುವಾಗ "ಕೆನೆ ಮೇಲೆ ಬಂತು ನೋಡು ಡೆರ್ವ್ಲಾ" ಎನ್ನುತ್ತಿದ್ದ.
ನಾನು ದಾಟುವಾಗ, ಏದುಸಿರಿನಲ್ಲೂ, "ಒಡೆದ ಹಾಲು!"
ಈ ಸಲ ಪಟ್ಟಿಯಲ್ಲಿ ಅವನ ಹೆಸರಿಲ್ಲ.
ಯಾಕೆಂದು ಎಲ್ಲರೂ ನನ್ನನ್ನೇ ಕೇಳಿದರು.
ನನಗೆ ಗೊತ್ತು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ತಿಳಿದದ್ದು
ಕೌಂಟರಿನ ಹಿಂದೆಯೇ ಇರಬೇಕು.

ಪೀಪಿ.

ಪೀಟ್ ಮಣ್ಣಿನ ಸರೋವರ, ಡಿಕಾಕ್ಷನ್ ಬಣ್ಣ.
ನನ್ನದೇ ಕೈ ಮೊಣಕೈವರೆಗೆ ಕಂದಾಗಿ
ಆಮೇಲೆ ಇಲ್ಲವಾಗುತ್ತದೆ.
ರಬ್ಬರಿನ ಉಡುಪು ತಂಗಿಯ ಗಂಡನದು,
ಕಂಕುಳಲ್ಲಿ ಸೈಕಲ್ ಟ್ಯೂಬಿನ ತೇಪೆ;
ಅಲ್ಲಿಂದಲೇ ಚಳಿ ಒಳಗೆ ಬಂದು
ಬಾಡಿಗೆದಾರನಂತೆ ಬೆನ್ನಿಗೆ ಹಾಸಿಗೆ ಬಿಚ್ಚುತ್ತದೆ.
ಯಾರದೋ ಹಿಮ್ಮಡಿ ಮೂಗಿಗೆ.
ನಮ್ಮ ಊರಲ್ಲಿ ಒದ್ದವರೂ ಒದೆಸಿಕೊಂಡವರೂ
ನೀರೊಳಗೇ ಕ್ಷಮೆ ಕೇಳುತ್ತಾರೆ, ಗುಳ್ಳೆಗುಳ್ಳೆಯಾಗಿ.
ಮಾತ್ರೆ ಎಣಿಸಿದಂತೆ ಕೈಬೀಸು ಎಣಿಸುತ್ತೇನೆ:
ಐದು, ಹತ್ತು, ಹದಿನೈದು, ಬಾಟಲಿ ಮುಚ್ಚು.
ಹಳದಿ ತೇಲುಗುಂಡು ಅಲ್ಲೇ ಇದೆ.
ಮತ್ತೊಂದು ಬಾಟಲಿ.

ಮರಗಟ್ಟಿದ ಬೆರಳಿಗೆ ಶೂ ಲೇಸು ಸಿಗದು.
ಉಳಿದಿರುವುದು ನನ್ನ ಸೈಕಲ್ಲೊಂದೇ
ಎಲ್ಲ ಹೋರಿಗಳೂ ಮಾರಿಹೋದ ಮೇಲೆ
ಯಾರೂ ಕೇಳದೆ ಉಳಿದ ಕರುವಿನಂತೆ.

ಇಪ್ಪತ್ತು ಕಿಲೋಮೀಟರು. ಕಲ್ಲುಗೋಡೆ, ಕಲ್ಲುಗೋಡೆ,
ಒಂದು ಕತ್ತೆ, ಕಲ್ಲುಗೋಡೆ.
ಏರಿನ ತಿರುವಿನಲ್ಲಿ, ಹಳದಿ ಜಾಕೀಟು ತೊಟ್ಟು
ಕೆಂಪು ಬಾವುಟ ಹಿಡಿದು ಮಾಸಿ ನಿಂತಿದ್ದ.
ಒಂದು ಟ್ರಾಕ್ಟರು, ಎರಡು ಕಾರು, ಪಾದ್ರಿಯ ವ್ಯಾನು,
ಎಲ್ಲವನ್ನೂ ತಡೆದಿದ್ದ, ನನಗಾಗಿ, ಎಷ್ಟು ಹೊತ್ತಿನಿಂದಲೋ.
ತೆಳ್ಳಗಾಗಿದ್ದಾನೆ. ನಾನು ನಿಲ್ಲಲಿಲ್ಲ;
ಆ ಏರಿನಲ್ಲಿ ನಿಂತರೆ ಮತ್ತೆ ಹೊರಡುವ ಮಾತಿಲ್ಲ.
ದಾಟಿದ ಮೇಲೆ ಬೆನ್ನಿಗೇನೋ ಕೂಗಿದ.
ಕೆನೆಯೋ, ಒಡೆದ ಹಾಲೋ?
ಗಾಳಿ ಅದನ್ನು ಕತ್ತೆಗೆ ಕೊಟ್ಟಿತು.

ಓಟದ ಬಗ್ಗೆ ಹೇಳುವಂಥದ್ದೇನಿಲ್ಲ.
ಅದು ಓಟವೂ ಆಗಿರಲಿಲ್ಲ.

ಮುಟ್ಟುವ ಹೊತ್ತಿಗೆ
ಸಮಯ ಅಳೆಯುವ ಚಾಪೆ ಸುತ್ತಿಟ್ಟಿದ್ದರು.
ಬ್ರೀಜಿನ್ ಹೆಹಿರ್ ತನ್ನ ಕೈಗಡಿಯಾರ ನೋಡಿ,
ಅದು ನಾಲ್ಕು ನಿಮಿಷ ಮುಂದಿದೆ ಎಂದು ನಾಲ್ಕು ಕಳೆದು,
ಪಾಪ ಎಂದು ಇನ್ನೊಂದು ಕಳೆದು,
ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಂಡಳು.
ಸೂಪು ತಳದಲ್ಲಿತ್ತು. ತಳದ್ದೇ ದಪ್ಪ.

ರಾತ್ರಿ ಸ್ನಾನದಲ್ಲಿ ಕಾಲು ಉಜ್ಜಿದೆ, ಚೆನ್ನಾಗಿ.
ತೋಳನ್ನು ಉಜ್ಜಲಿಲ್ಲ.

ಸೋಮವಾರ ಮಾಸಿ ಬಂದ, ಚೀಟಿ ಹಿಡಿದು.
ಎಣಿಸತೊಡಗಿದೆ, ಬಿಳಿ ಕೋಟಿನ ತೋಳು ತುಸು ಜಾರಿ
ಏಳರ ಬಾಲ ಕಾಣುವಂತೆ.
ಅವನು ಕೌಂಟರಿಗೆ ಬಾಗಿ ಪಿಸುಗಿದ:
"ಏರಿನಲ್ಲಿ ಕೂಗಿದ್ದು ಕೇಳಿಸಿತಾ?
ಆ ಹುಡುಗಿ ನಿನ್ನ ಕಾಲಿಗೆ ಮೂವತ್ತೈದು ಅಂತ ಬರೆದಿದ್ದಳು.
ಹಿಂದಿನಿಂದ ನೋಡಿದರೆ
ಸುಳ್ಳು ಅನ್ನಿಸಲಿಲ್ಲ ಮಾರಾಯ್ತಿ."

ತೊಳೆದುಹೋಗಿದೆ. ಸಾಕ್ಷಿ ಅವನೊಬ್ಬನೇ.
ಎಣಿಕೆ ತಪ್ಪಿತು. ಮಾತ್ರೆಗಳನ್ನೆಲ್ಲ ತಟ್ಟೆಗೆ ಸುರಿದು
ಮತ್ತೆ ಒಂದರಿಂದ.
ಅವನು ಕುರ್ಚಿ ಎಳೆದುಕೊಂಡ,
ಅವಸರವಿಲ್ಲ ಎಂದ.